ದಾಸವಾಳದ ಕುಂಡ ಮತ್ತು ಹಿಟ್ಟು ತಿಗಣೆ



ಗದಗ ಜಿಲ್ಲೆಯ ಸೂಡಿ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ಜೋಡು ಕಳಸದ ಗುಡಿಯೂ ನಾಗಕುಂಡದ ಕಲ್ಲಿನ ಮೆಟ್ಟಿಲುಗಳೂ ನೆನಪಾಗಬಹುದು. ಕಲ್ಯಾಣ ಚಾಲುಕ್ಯರ ಕಾಲದ ಆ ಶಿಲ್ಪವನ್ನು ನೋಡಲು ಬಂದವರು ಗುಡಿ ನೋಡಿ, ಕುಂಡ ನೋಡಿ, ಗಜೇಂದ್ರಗಡದ ಬಸ್ಸು ಹಿಡಿಯುತ್ತಾರೆ. ಇಂದು ನಾನು ಹೇಳಹೊರಟಿರುವುದು ಅದೇ ಊರಿನ ಇನ್ನೊಂದು ಬಗೆಯ ಕುಂಡದ ವಿಷಯ. ಓಣಿಯ ಮನೆಗಳ ಮುಂದೆ, ಕಟ್ಟೆಯ ಮೇಲೆ, ಒಡೆದ ಕೊಡದಲ್ಲೋ ಸಿಮೆಂಟಿನ ಕುಂಡದಲ್ಲೋ ಬೆಳೆಸಿದ ದಾಸವಾಳ, ತುಳಸಿ, ಮಲ್ಲಿಗೆ, ಕರಿಬೇವುಗಳನ್ನು ನೀವೂ ನಿಮ್ಮ ಮನೆಗಳಲ್ಲಿ ಕಂಡಿದ್ದೀರಿ. ಅವುಗಳಿಗೆ ಹುಳು ಬಿದ್ದಾಗ ಏನು ಮಾಡಬೇಕು, ಅದಕ್ಕಿಂತ ಮೊದಲು ಏನನ್ನು ನೋಡಬೇಕು ಎಂಬುದು ಇಂದಿನ ಮಾತು.

ಒಂದು ದೀಪಾವಳಿಯ ರಜೆಯಲ್ಲಿ ಸೂಡಿಯ ಪರಿಚಿತರ ಮನೆಗೆ ಹೋಗಿದ್ದೆ. ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ನನ್ನನ್ನು ನೇರವಾಗಿ ಕಟ್ಟೆಯ ಮೇಲಿದ್ದ ದಾಸವಾಳದ ಬಳಿಗೆ ಕರೆದೊಯ್ದಳು. ಗಿಡದ ತುದಿಗಳು ಮುದುಡಿ ಗೊಂಚಲಾಗಿದ್ದವು. ಮೊಗ್ಗುಗಳು ಅರಳದೆ ಉದುರುತ್ತಿದ್ದವು. ಕೆಳಗಿನ ಎಲೆಗಳ ಮೇಲೆ ಅಡಿಗೆಮನೆಯ ಮಸಿ ಬಳಿದಂತೆ ಕಪ್ಪು ಹತ್ತಿತ್ತು. ಟೊಂಗೆಗಳ ಸಂದಿಯಲ್ಲಿ ಜೋಳದ ಹಿಟ್ಟು ಚೆಲ್ಲಿದಂತೆ ಬಿಳಿ. ಅಷ್ಟರಲ್ಲಿ ಅವಳ ಅಣ್ಣ ಒಳಗಿನಿಂದ ಒಂದು ಬಾಟಲಿ ತಂದ. "ಹೊಲಕ್ಕ ತಂದದ್ದು ಒಂದೀಟ ಉಳದೈತ್ರಿ, ಹೊಡದ ಬಿಡ್ತೀನಿ" ಎಂದ. ಹೊಸ್ತಿಲಲ್ಲಿ ಕುಳಿತಿದ್ದ ಅಜ್ಜಿ, "ದೇವರಿಗೆ ಏರಸೋ ಹೂವಿಗೆ ಎಣ್ಣಿ ಹೊಡೀತಿಯೇನೋ ತಮ್ಮಾ?" ಎಂದು ಗದರಿದರು. ಆ ಸೀಮೆಯಲ್ಲಿ ಕೀಟನಾಶಕಕ್ಕೆ 'ಎಣ್ಣಿ' ಎಂದೇ ಹೆಸರು. ಈ ಹೆಸರಿನ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ. ಸದ್ಯಕ್ಕೆ, ಬಾಟಲಿಯನ್ನು ಕೆಳಗಿಟ್ಟು ಹತ್ತು ನಿಮಿಷ ಗಿಡವನ್ನು ನೋಡೋಣ ಎಂದೆ.

ಮೊದಲು ಕಣ್ಣಿಗೆ ಬಿದ್ದದ್ದು ಇರುವೆ. ಕುಂಡದ ಅಂಚಿನಿಂದ ಕಾಂಡದ ಮೇಲೆ ಒಂದು ಸಾಲು ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ಇರುವೆ ದಾಸವಾಳದ ಎಲೆಯನ್ನು ತಿನ್ನುವುದಿಲ್ಲ. ಹಾಗಿದ್ದರೂ ದಿನವಿಡೀ ಅಲ್ಲಿಗೆ ಏಕೆ ಹೋಗುತ್ತದೆ? ಗಿಡದ ರಸ ಹೀರುವ ಕೀಟಗಳಿಗೆ ಬೇಕಾಗಿರುವುದು ರಸದಲ್ಲಿರುವ ಅಲ್ಪ ಪ್ರಮಾಣದ ಸಾರಜನಕ ಪದಾರ್ಥಗಳು. ಅವನ್ನು ಸಾಕಷ್ಟು ಪಡೆಯಲು ಬಹಳ ರಸ ಕುಡಿಯಬೇಕು. ಹೆಚ್ಚಾದ ಸಕ್ಕರೆಯನ್ನೂ ನೀರನ್ನೂ ಅವು ಹಿಂಬದಿಯಿಂದ ಹನಿಹನಿಯಾಗಿ ಹೊರಹಾಕುತ್ತವೆ. ಇರುವೆಗೆ ಬೇಕಾದದ್ದು ಈ ಸಿಹಿ ಅಂಟು. ಇರುವೆ ಮುಟ್ಟದೆ ಉಳಿದ ಅಂಟು ಕೆಳಗಿನ ಎಲೆಗಳ ಮೇಲೆ ಬೀಳುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಈ ಬೂಷ್ಟು ಎಲೆಯ ಒಳಗೆ ಇಳಿಯುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆದರೆ ಬಿಸಿಲಿಗೆ ಅಡ್ಡವಾಗಿ ದ್ಯುತಿಸಂಶ್ಲೇಷಣೆಯನ್ನು ತಗ್ಗಿಸುತ್ತದೆ. ಆದ್ದರಿಂದ ಇರುವೆ, ಅಂಟು, ಕಪ್ಪು ಈ ಮೂರನ್ನು ಒಟ್ಟಿಗೆ ಕಂಡಿರಾದರೆ ಮೇಲಿನ ಟೊಂಗೆಯಲ್ಲಿ ಎಲ್ಲೋ ರಸ ಹೀರುವ ಕೀಟ ಇದೆ ಎಂದು ತಿಳಿಯಬೇಕು. ಅದಕ್ಕೆ ಪ್ರತಿಯಾಗಿ ಎಲೆಯ ಅಂಚು ಕತ್ತರಿಸಿದಂತಿದ್ದರೆ, ತೂತು ಬಿದ್ದಿದ್ದರೆ, ಅದು ಅಗಿದು ತಿನ್ನುವ ಹುಳುವಿನ ಕೆಲಸ.

ನಮ್ಮ ದಾಸವಾಳದ ಮೇಲಿದ್ದದ್ದು ಹಿಟ್ಟು ತಿಗಣೆ. ಮೂರು ನಾಲ್ಕು ಮಿಲಿಮೀಟರ್ ಉದ್ದದ, ರೆಕ್ಕೆಯಿಲ್ಲದ, ಮೆತ್ತನೆಯ ಕೀಟ. ಮೈಮೇಲಿನ ಹಿಟ್ಟು ವಾಸ್ತವವಾಗಿ ಮೇಣ. ಅದು ನೀರನ್ನೂ ಔಷಧವನ್ನೂ ಒಳಗೆ ಬಿಡುವುದಿಲ್ಲ. ನಾವು ನೋಡುವುದು ಬಹುಮಟ್ಟಿಗೆ ಹೆಣ್ಣುಗಳನ್ನು ಮತ್ತು ಮರಿಗಳನ್ನು. ಗಂಡಿಗೆ ರೆಕ್ಕೆ ಉಂಟು, ಆದರೆ ಅದು ಬಹಳ ಚಿಕ್ಕದು, ಬದುಕುವುದೂ ಸ್ವಲ್ಪ ದಿನ. ಒಂದು ಹೆಣ್ಣಿನಿಂದ ನೂರಾರು ಮರಿಗಳಾಗುತ್ತವೆ. ಆಗ ತಾನೇ ಹುಟ್ಟಿದ ಮರಿಗೆ ಮೇಣದ ಹೊದಿಕೆ ಇರುವುದಿಲ್ಲ, ಅದು ಚುರುಕಾಗಿ ಓಡಾಡುತ್ತದೆ, ಗಾಳಿಯಲ್ಲಿ ತೇಲಿ ಪಕ್ಕದ ಗಿಡವನ್ನೂ ಸೇರುತ್ತದೆ. ಕೀಟ ಹರಡುವುದು ಈ ಹಂತದಲ್ಲಿ, ಸುಲಭವಾಗಿ ಸಾಯುವುದೂ ಈ ಹಂತದಲ್ಲೇ. ಇದನ್ನು ನೆನಪಿಡಿ.

ಹಿಟ್ಟು ತಿಗಣೆಗಳಲ್ಲಿಯೂ ಹಲವು ಜಾತಿಗಳಿವೆ. ತುದಿಗಳು ಗೊಂಚಲಾಗಿ ಮುದುಡಿದ್ದರೆ, ಕೀಟವನ್ನು ಒತ್ತಿದಾಗ ನಸುಗೆಂಪು ರಸ ಬಂದರೆ, ಅದು ದಾಸವಾಳದ ಕೆಂಪು ಹಿಟ್ಟು ತಿಗಣೆ. ಬೆನ್ನಿನ ಮೇಲೆ ಮೇಣವಿಲ್ಲದ ಕಪ್ಪು ಗುರುತುಗಳು ಜೋಡಿಯಾಗಿ ಕಂಡರೆ ಅದು ಹತ್ತಿಯ ಹಿಟ್ಟು ತಿಗಣೆ. ಆ ದಿನ ನಾವು ಎರಡನ್ನೂ ಕಂಡೆವು.

ಗಿಡದ ಮೇಲಿನ ಬಿಳಿಯೆಲ್ಲ ಹಿಟ್ಟು ತಿಗಣೆಯಲ್ಲ. ವಿದ್ಯಾರ್ಥಿಗಳು ಹೆಚ್ಚು ತಪ್ಪುವುದು ಇಲ್ಲಿಯೇ. ಗಿಡವನ್ನು ಮೆಲ್ಲಗೆ ಅಲುಗಿಸಿದಾಗ ಬಿಳಿ ಚೂರುಗಳು ಎದ್ದು ಹಾರಿ ಮತ್ತೆ ಎಲೆಯ ತಳಕ್ಕೆ ಬಂದು ಕೂತರೆ ಅದು ಬಿಳಿ ನೊಣ. ಹಾರದೆ ಉದುರಿ ಬಿದ್ದರೆ ಅದು ಸಸ್ಯಹೇನುಗಳು ಕಳಚಿದ ಪೊರೆ ಇರಬಹುದು. ಪೊರೆಯನ್ನೇ ಕೀಟವೆಂದು ತಿಳಿದು ಔಷಧ ಹೊಡೆಯುವವರು ಉಂಟು. ಸಸ್ಯಹೇನು ಎಳೆಯ ತುದಿಯಲ್ಲಿ, ಮೊಗ್ಗಿನ ಬುಡದಲ್ಲಿ ಗುಂಪಾಗಿರುತ್ತದೆ. ಹಸಿರು, ಹಳದಿ, ಕಪ್ಪು ಯಾವ ಬಣ್ಣವೂ ಇರಬಹುದು, ಹಿಂಬದಿಯಲ್ಲಿ ಎರಡು ಪುಟ್ಟ ಕೊಳವೆಗಳಿರುತ್ತವೆ. ಆ ಭಾಗದ ಎರೆಹೊಲಗಳಲ್ಲಿ ಕುಸುಬೆ ಕಂಡವರಿಗೆ ಹೇನು ಹೊಸದಲ್ಲ. ಎಲೆಯ ಮೇಲೆ ಸಣ್ಣ ಹಳದಿ ಚುಕ್ಕೆಗಳು, ತಳದಲ್ಲಿ ನವಿರಾದ ಬಲೆ ಕಂಡರೆ ಟೊಂಗೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಕಾಗದದ ಮೇಲೆ ಧೂಳಿನ ಕಣಗಳೇ ನಡೆದಾಡಿದರೆ ಅವು ಕೆಂಪು ನುಸಿಗಳು. ಇವಕ್ಕೆ ಎಂಟು ಕಾಲು. ಅಂದರೆ ಇವು ಕೀಟಗಳಲ್ಲ, ಜೇಡದ ಬಳಗ. ಬೇಸಿಗೆಯ ಒಣಹವೆ ಇವಕ್ಕೆ ಹಬ್ಬ. ಕೀಟನಾಶಕ ಹೊಡೆದಷ್ಟೂ ಇವು ಹೆಚ್ಚುವುದುಂಟು, ಏಕೆಂದರೆ ಇವನ್ನು ತಿನ್ನುವ ಜೀವಿಗಳು ಮೊದಲು ಸಾಯುತ್ತವೆ. ಇನ್ನು ಕಾಂಡದ ಮೇಲೆ ಕಂದು ಗಂಟುಗಳಿದ್ದರೆ ಉಗುರಿನಿಂದ ಕೆರೆಯಿರಿ. ಸಿಪ್ಪೆಯಂತೆ ಎದ್ದು ಬಂದರೆ ಅದು ಶಲ್ಕ ಕೀಟ, ಬಾರದಿದ್ದರೆ ತೊಗಟೆಯೇ.

ತುಳಸಿಯ ಎಲೆ ಮುದುಡಿ ಒಣಗಿ, ತಳದಲ್ಲಿ ಕಪ್ಪು ಚುಕ್ಕೆಗಳು ಕಂಡಾಗ ಹಲವರು ನೀರು ಹೆಚ್ಚು ಹಾಕುತ್ತಾರೆ. ಅದು ಜಾಲರಿಯಂಥ ರೆಕ್ಕೆಯುಳ್ಳ ಒಂದು ಪುಟ್ಟ ತಿಗಣೆಯ ಕೆಲಸ ಇರಬಹುದು. ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು, ಬೆಳೆದ ಮೇಲೆ ಹಸಿರಾಗುವುದು, ಮುಂದೆ ಚೆಲುವಾದ ಚಿಟ್ಟೆಯಾಗುತ್ತದೆ. ಗಿಡ ದೊಡ್ಡದಿದ್ದರೆ ನಾನು ಅದನ್ನು ಹಾಗೆಯೇ ಬಿಡುತ್ತೇನೆ.

ಈಗ ಸೂಡಿಯ ದಾಸವಾಳಕ್ಕೆ ಹಿಂತಿರುಗೋಣ. ಹುಡುಗಿ ಒಂದು ತಟ್ಟೆ ತೋರಿಸಿದಳು. ಅದರಲ್ಲಿ ಸತ್ತ ಹತ್ತು ಹನ್ನೆರಡು ಬಿಳಿ ಹುಳುಗಳಿದ್ದವು. ಉಳಿದವುಗಳಿಗಿಂತ ಇವು ಎರಡು ಮೂರು ಪಟ್ಟು ದೊಡ್ಡವು, ಮೈಮೇಲೆ ಉದ್ದುದ್ದ ಮೇಣದ ಎಳೆಗಳು. "ಸರ, ದೊಡ್ಡವನ್ನ ನಾನ ಆರಿಸಿ ಕೊಂದೇನ್ರಿ. ಇವು ತಾಯಿ ಹುಳಾ ಇರಬೇಕು, ಇವು ಹೋದ್ರ ಮರಿ ತಾವ ಸಾಯ್ತಾವ ಅಂತ" ಎಂದಳು. ಶ್ರಮಪಟ್ಟು ಮಾಡಿದ ಕೆಲಸ. ಆದರೆ ಅವಳು ಕೊಂದದ್ದು ತನ್ನ ಗಿಡವನ್ನು ಕಾಯುತ್ತಿದ್ದ ಹುಳುಗಳನ್ನು.

ಅವು ಗುಲಗಂಜಿ ಹುಳುವಿನ ಜಾತಿಗೆ ಸೇರಿದ ಒಂದು ದುಂಬಿಯ ಮರಿಗಳು. ಹಿಟ್ಟು ತಿಗಣೆಗಳ ನಡುವೆಯೇ ಇದ್ದು, ಅವುಗಳಂತೆಯೇ ಬಿಳಿ ಮೇಣ ಹೊದ್ದು, ಅವುಗಳನ್ನೇ ತಿಂದು ಬೆಳೆಯುತ್ತವೆ. ಗುರುತಿಸುವುದು ಕಷ್ಟವಲ್ಲ. ಕಡ್ಡಿಯಿಂದ ಮುಟ್ಟಿದರೆ ಹಿಟ್ಟು ತಿಗಣೆ ಬಹುತೇಕ ಕದಲುವುದಿಲ್ಲ, ಕದಲಿದರೂ ನಿಧಾನ. ಮರಿಹುಳು ಚುರುಕಾಗಿ ಓಡುತ್ತದೆ. ಮಗುಚಿ ನೋಡಿದರೆ ಆರು ಗಟ್ಟಿ ಕಾಲುಗಳೂ ಕಚ್ಚುವ ದವಡೆಯೂ ಕಾಣುತ್ತವೆ. ತಿಗಣೆಗೆ ದವಡೆ ಇಲ್ಲ, ಸೂಜಿಯಂಥ ಹೀರುಗೊಳವೆ ಮಾತ್ರ. ನಿಮ್ಮ ಕಾಲೇಜಿನ ಪ್ರಯೋಗಾಲಯದ ಮಸೂರ ಇದಕ್ಕೆ ಸಾಕು.

ಇಂಥ ದುಂಬಿಗಳಲ್ಲಿ ಹೆಸರಾದದ್ದು ಕ್ರಿಪ್ಟೊಲೀಮಸ್. ಕಪ್ಪುಗಂದು ಮೈ, ಕಿತ್ತಳೆ ಬಣ್ಣದ ತಲೆ ಮತ್ತು ಹಿಂತುದಿ, ಉದ್ದ ನಾಲ್ಕು ಮಿಲಿಮೀಟರ್. ಇದರ ತವರು ಆಸ್ಟ್ರೇಲಿಯಾ. 1898ರಲ್ಲಿ ಇದನ್ನು ದಕ್ಷಿಣ ಭಾರತಕ್ಕೆ ತಂದದ್ದು ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು. ತಂದವರು ನಿರೀಕ್ಷಿಸಿದ ಕೆಲಸವನ್ನು ಅದು ಚೆನ್ನಾಗಿ ಮಾಡಲಿಲ್ಲ. ಆದರೆ ನಮ್ಮ ಹಿಟ್ಟು ತಿಗಣೆಗಳನ್ನು ಕಂಡು ಇಲ್ಲಿಯೇ ನೆಲೆಸಿತು. ಈಗ ಪ್ರಯೋಗಾಲಯಗಳಲ್ಲಿ ಇದನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ನಮ್ಮ ನೆಲದವೇ ಆದ ಸ್ಕಿಮ್ನಸ್ ಎಂಬ ಇನ್ನೂ ಚಿಕ್ಕ ದುಂಬಿಗಳ ಮರಿಗಳೂ ಹೀಗೆಯೇ ಬಿಳಿಯಾಗಿರುತ್ತವೆ. ತಟ್ಟೆಯಲ್ಲಿದ್ದವು ಯಾವ ಜಾತಿಯವೆಂದು ಸತ್ತ ಮರಿಗಳಿಂದ ಹೇಳುವುದು ಕಠಿಣ. ಹುಡುಗಿಗೆ ತುಂಬ ಬೇಸರವಾಯಿತು. ಗಿಡದಲ್ಲಿ ಇನ್ನೂ ಮೂರು ಉಳಿದಿದ್ದವು ಎಂಬುದೊಂದು ಸಮಾಧಾನ.

ಇನ್ನೊಂದು ಗುರುತೂ ಸಿಕ್ಕಿತು. ಕೆಲವು ತಿಗಣೆಗಳು ಬಿಳಿ ಕಳೆದುಕೊಂಡು ಕಂದು ಬಣ್ಣದ ಗಟ್ಟಿ ಕಾಳಿನಂತಾಗಿದ್ದವು, ಒಂದೆರಡರ ಮೇಲೆ ದುಂಡನೆಯ ತೂತು. ಇವು ಪರಾವಲಂಬಿ ಕಣಜ ಹೊಕ್ಕ ತಿಗಣೆಗಳು. ಕಣಜ ಎಂದರೆ ಕುಟುಕುವ ಹಳದಿ ಕಣಜ ಎಂದು ಹೆದರಬೇಡಿ, ಇದು ಎಳ್ಳಿನ ಕಾಳಿಗಿಂತ ಚಿಕ್ಕದು. ತಿಗಣೆಯ ಒಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಂದು ಬೆಳೆದು, ತೂತು ಕೊರೆದು ಹೊರಬರುತ್ತದೆ.

ಈ ಕಣಜದ ಮಹತ್ವ ತಿಳಿಯಬೇಕಾದರೆ ಕುಂಡದಿಂದ ಹೊಲಕ್ಕೆ ಹೋಗಬೇಕು. ಹತ್ತಿಯ ಹಿಟ್ಟು ತಿಗಣೆ ಅಮೆರಿಕ ಮೂಲದ ಕೀಟ. 2005ರ ಸುಮಾರಿಗೆ ನಮ್ಮ ದೇಶದ ಹತ್ತಿ ಹೊಲಗಳಲ್ಲಿ ಕಾಣಿಸಿಕೊಂಡು, ಮುಂದಿನ ಎರಡು ಮೂರು ವರ್ಷ ಉತ್ತರದ ರಾಜ್ಯಗಳಲ್ಲಿಯೂ ಗುಜರಾತಿನಲ್ಲಿಯೂ ಬಹಳ ಹಾನಿ ಮಾಡಿತು. 2002ರಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿ ಕಾಯಿಕೊರಕ ಹುಳುವನ್ನು ತಡೆಯಲು ರೂಪಿಸಿದ್ದು, ರಸ ಹೀರುವ ತಿಗಣೆಗೆ ಅದರಿಂದ ಬಾಧೆಯಿಲ್ಲ. ಔಷಧ ಸುರಿದರೂ ಮೇಣದ ಹೊದಿಕೆ ಕಾಯುತ್ತಿತ್ತು. 2008ರ ಹೊತ್ತಿಗೆ ಈನೇಸಿಯಸ್ ಎಂಬ ಪುಟ್ಟ ಕಣಜ ಅದರ ಬೆನ್ನು ಹತ್ತಿರುವುದು ಕಂಡುಬಂತು. ಅದನ್ನು ಯಾರೂ ತರಿಸಿರಲಿಲ್ಲ. ಔಷಧ ಕಡಿಮೆ ಬಿದ್ದ ಕಡೆ ಅದು ಚೆನ್ನಾಗಿ ಹೆಚ್ಚಿತು. ದಾಸವಾಳವೂ ಹತ್ತಿಯೂ ಒಂದೇ ಕುಟುಂಬದ ಸಸ್ಯಗಳು. ಹೊಲದಲ್ಲಿ ಹತ್ತಿ ಇಲ್ಲದ ತಿಂಗಳುಗಳಲ್ಲಿ ಈ ತಿಗಣೆ ಕಾಂಗ್ರೆಸ್ ಕಳೆಯ ಮೇಲೆ, ಮನೆಯ ದಾಸವಾಳದ ಮೇಲೆ ಕಾಲ ಕಳೆಯುತ್ತದೆ. ಹಾಗಾಗಿ ಸೂಡಿಯಂಥ ಊರಿನಲ್ಲಿ ಕಟ್ಟೆಯ ಮೇಲಿನ ಕುಂಡ ಹೊಲದ ಕೀಟಕ್ಕೆ ಬೀಡಾಗಬಹುದು, ಹೊಲದ ಕಣಜಕ್ಕೂ ಬೀಡಾಗಬಹುದು. ಎರಡರಲ್ಲಿ ಯಾವುದು ಎಂಬುದು ಆ ಬಾಟಲಿಯ ಮೇಲೆ ನಿಂತಿತ್ತು.

ತರಿಸಿ ಬಿಟ್ಟ ಕಣಜದ ಉದಾಹರಣೆಯೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹಬ್ಬಿ ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳಗಳನ್ನು ಒಣಗಿಸಿತು. ರೇಷ್ಮೆ ಬೆಳೆಗಾರರಿಗೆ ಹುಳುವಿಗೆ ಹಾಕಲು ಸೊಪ್ಪಿಲ್ಲದಾಯಿತು. ಆ ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಮೂರು ಬಗೆಯ ಕಣಜಗಳನ್ನು ತರಿಸಿ, ಪರೀಕ್ಷಿಸಿ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸಿರೋಫೇಗಸ್ ಎಂಬುದು ಚೆನ್ನಾಗಿ ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು.

ಒಂದು ಮಾತು ವಿಷಯಕ್ಕೆ ಸ್ವಲ್ಪ ಹೊರಗಿನದು. ಪಾಪಾಸುಕಳ್ಳಿಯ ಮೇಲೆ ಹತ್ತಿಯಂತೆ ಬಿಳಿಯಾಗಿ ಅಂಟಿಕೊಳ್ಳುವ ಕೊಚಿನೀಲ್ ಕೀಟ ಹಿಟ್ಟು ತಿಗಣೆಯ ಹತ್ತಿರದ ಬಂಧು. ಒತ್ತಿದರೆ ಕಡುಗೆಂಪು ಬಣ್ಣ. ಆ ಬಣ್ಣಕ್ಕಾಗಿ 1795ರಲ್ಲಿ ಬ್ರೆಜಿಲ್‌ನಿಂದ ಕೀಟ ತಂದಾಗ ಬಂದದ್ದು ಬೇರೊಂದು ಜಾತಿ. ಬಣ್ಣ ಕೀಳಾದರೂ ಅದು ಒಂದು ಬಗೆಯ ಕಳ್ಳಿಯನ್ನು ತಿಂದು ಬಯಲು ಮಾಡಿತು. ಆ ಪಾಠದಿಂದ 1926ರಲ್ಲಿ ಇನ್ನೊಂದು ಜಾತಿಯನ್ನು ಶ್ರೀಲಂಕೆಯಿಂದ ಬೇಕೆಂದೇ ತಂದು, ದಕ್ಷಿಣದಲ್ಲಿ ನೆಲ ನುಂಗಿದ್ದ ಪಾಪಾಸುಕಳ್ಳಿಯನ್ನು ತಗ್ಗಿಸಿದರು. ದಾಸವಾಳದ ಮೇಲೆ ಪಿಡುಗಾದ ಬಳಗವೇ ಕಳ್ಳಿಯ ಮೇಲೆ ಉಪಕಾರಿ.

ಇನ್ನು ಉಪಾಯಗಳು. ಮೊದಲನೆಯದು ಇರುವೆಯನ್ನು ತಡೆಯುವುದು. ಸಿಹಿ ಸಿಗುವವರೆಗೆ ಇರುವೆ ತಿಗಣೆಯನ್ನು ತನ್ನ ದನದಂತೆ ಕಾಯುತ್ತದೆ, ದುಂಬಿಯ ಮರಿಯನ್ನೂ ಕಣಜವನ್ನೂ ಅಟ್ಟುತ್ತದೆ. ಅಡಿಗೆಮನೆಯ ಜಾಳಿಗೆ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದನ್ನು ನೀವು ಕಂಡಿರಬಹುದು. ಅದೇ ಯುಕ್ತಿ. ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಇಟ್ಟಿಗೆಯ ಮೇಲೆ ಕುಂಡವನ್ನಿಡಿ. ಟೊಂಗೆಗಳು ಗೋಡೆಗೆ ತಾಗದಂತೆ ನೋಡಿ, ಇಲ್ಲವಾದರೆ ಇರುವೆ ಆ ದಾರಿ ಹಿಡಿಯುತ್ತದೆ. ಸೊಳ್ಳೆ ಆಗದಂತೆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಇದೊಂದನ್ನೇ ಮಾಡಿ ಎರಡು ವಾರ ಕಾದರೂ ಎಷ್ಟೋ ಗಿಡಗಳು ಚೇತರಿಸಿಕೊಳ್ಳುತ್ತವೆ.

ಗೊಂಚಲಾದ ತುದಿಗಳನ್ನು ಕತ್ತರಿಸಿ ಸಾಬೂನು ನೀರಿನ ಬಕೆಟ್ಟಿನಲ್ಲಿ ಒಂದು ದಿನ ಮುಳುಗಿಸಿ. ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯಿಂದ ಅದು ಹೊಲಕ್ಕೆ ಹೋಗುತ್ತದೆ. ಕತ್ತರಿಸುವ ಮುನ್ನ ದುಂಬಿಯ ಮರಿಗಳನ್ನೂ ಕಂದು ಕಾಳುಗಳನ್ನೂ ಬೇರೆ ಇಡಿ. ತಿಗಣೆ ಕೆಲವೇ ಇದ್ದರೆ ಔಷಧದ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಸಸ್ಯಹೇನಿಗೂ ಕೆಂಪು ನುಸಿಗೂ ಎಲೆಯ ತಳಕ್ಕೆ ರಭಸವಾಗಿ ನೀರು ಎರಚುವುದೇ ಅರ್ಧ ಚಿಕಿತ್ಸೆ.

ಹೆಚ್ಚಾಗಿದ್ದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಬಟ್ಟೆ ಸಾಬೂನಿನ ತುರಿ ಕರಗಿಸಿ ಸಿಂಪಡಿಸಿ. ಸಾಬೂನು ಮೇಣದ ಪದರವನ್ನು ಸಡಿಲಿಸುತ್ತದೆ, ಕೀಟ ಒಣಗಿ ಸಾಯುತ್ತದೆ. ಪುಡಿ ಡಿಟರ್ಜೆಂಟ್ ಬೇಡ, ಎಲೆ ಸುಡಬಹುದು. ಬೇವಿನ ಎಣ್ಣೆಯಾದರೆ ಲೀಟರಿಗೆ 5 ಮಿಲಿಲೀಟರ್. ಎಣ್ಣೆಯನ್ನು ಮೊದಲು ಸಾಬೂನು ನೀರಿನಲ್ಲಿ ಕಲಕಿ ಹಾಲಿನಂತೆ ಮಾಡಿಕೊಳ್ಳಬೇಕು. ಇಲ್ಲವಾದರೆ ಎಣ್ಣೆ ತೇಲಿ ಒಂದೆಡೆ ಹೆಚ್ಚು ಬಿದ್ದು ಎಲೆಗೆ ಕಲೆಯಾಗುತ್ತದೆ. ಮಳೆಗಾಲದ ಆರಂಭದಲ್ಲಿ ಉದುರುವ ಬೇವಿನ ಹಣ್ಣನ್ನು ಆಯ್ದು, ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟುಕೊಂಡರೆ ಹಣವೂ ಬೇಡ. ಸಿಪ್ಪೆ ತೆಗೆದ 50 ಗ್ರಾಂ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಬೆರೆಸಿ ಅಂದೇ ಬಳಸಿ. ಬೇವು ಕೀಟವನ್ನು ಆ ಕ್ಷಣವೇ ಕೊಲ್ಲುವುದಿಲ್ಲ. ಅದು ತಿನ್ನದಂತೆ, ಪೊರೆ ಬಿಡದಂತೆ ಮಾಡುತ್ತದೆ. ಮರುದಿನ ತಿಗಣೆ ಹಾಗೆಯೇ ಇದೆಯೆಂದು ಕೈಬಿಡಬಾರದು.

ಮೊದಲು ಎರಡು ಎಲೆಗೆ ಮಾತ್ರ ಹಾಕಿ ಒಂದು ದಿನ ನೋಡಿ. ಸಂಜೆಯ ಹೊತ್ತು, ಎಲೆಯ ತಳಕ್ಕೆ, ಸಂದಿಗಳಿಗೆ ಸಿಂಪಡಿಸಿ. ಏಳು ದಿನಕ್ಕೊಮ್ಮೆ ಮೂರು ಸಲ. ಮೂರು ಸಲ ಏಕೆಂದರೆ, ಮೊದಲ ಸಲ ಮೇಣದ ಕೆಳಗೆ ಉಳಿದದ್ದು ಮುಂದೆ ಮರಿಯಾಗಿ ಹೊರಬರುತ್ತದೆ. ನಾನು ಹಿಂದೆ ನೆನಪಿಡಿ ಎಂದದ್ದು ಈ ಮರಿಯನ್ನೇ. ದುಂಬಿಯ ಮರಿಗಳಿರುವ ಟೊಂಗೆಯನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಹೊಡೆಯಿರಿ. ತುಳಸಿಗೆ, ಕರಿಬೇವಿಗೆ ನೀರು ಮತ್ತು ಕತ್ತರಿಯೇ ಸಾಕು, ಅವು ನಮ್ಮ ಬಾಯಿಗೆ ಹೋಗುವ ಎಲೆಗಳು.

ಈಗ ಆ 'ಎಣ್ಣಿ'ಯ ಮಾತು. ಅಣ್ಣ ತಂದ ಬಾಟಲಿಯ ಚೀಟಿ ಹರಿದುಹೋಗಿತ್ತು. ಅದು ಅಡಿಗೆಮನೆಯ ಗೋಡೆಯ ಮಾಡದಲ್ಲಿ, ಕುಸುಬೆ ಎಣ್ಣೆಯ ಡಬ್ಬಿಯ ಪಕ್ಕದಲ್ಲಿತ್ತು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಗೆ ಬಳಸಿದ ಎಣ್ಣೆಯಲ್ಲಿ ಮಾನೊಕ್ರೋಟೋಫಾಸ್ ಎಂಬ ಕೀಟನಾಶಕ ಇದ್ದದ್ದು ಪರೀಕ್ಷೆಯಲ್ಲಿ ತಿಳಿಯಿತು. 2005ರಲ್ಲಿಯೇ ತರಕಾರಿಗೆ ಬಳಸಬಾರದೆಂದು ನಿಷೇಧಿಸಿದ್ದ ವಿಷ ಅದು. ಹೊಲದ ಔಷಧವನ್ನು ಮನೆಯ ಕುಂಡಕ್ಕೆ ಹೊಡೆದರೆ ಕಟ್ಟೆಯ ಮೇಲೆ ಆಡುವ ಮಗು, ಹೂ ಬಿಡಿಸುವ ಅಜ್ಜಿ, ಕಿಟಕಿಯ ಒಳಗೆ ಅಡಿಗೆ ಮಾಡುವ ತಾಯಿ ಅದನ್ನು ಉಸಿರಾಡುತ್ತಾರೆ. ಒಂದು ಕುಂಡಕ್ಕೆ ಬೇಕಾದ ಪ್ರಮಾಣವನ್ನು ಮುಚ್ಚಳದಲ್ಲಿ ಅಳೆಯಲೂ ಬರುವುದಿಲ್ಲ. ಆ ದಿನ ನಾವು ಮಾಡಿದ ಮೊದಲ ಕೆಲಸ ಬಾಟಲಿಯನ್ನು ಹೊರಗಿನ ಕೊಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು. ಆಮೇಲೆ ಇರುವೆಗೆ ತಟ್ಟೆ ಇಟ್ಟೆವು, ತುದಿಗಳನ್ನು ಕತ್ತರಿಸಿದೆವು.

ಕಂದು ಕಾಳುಗಳನ್ನು ಹುಡುಗಿ ಒಂದು ಗಾಜಿನ ಶೀಷೆಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿದಳು. ನೀವೂ ಹೀಗೆ ಮಾಡಬಹುದು. ದಿನಕ್ಕೆರಡು ಸಲ ನೋಡಿ, ಏನು ಹೊರಬಂತು, ಎಂದು ಬಂತು ಎಂದು ಪುಸ್ತಕದಲ್ಲಿ ಬರೆಯಿರಿ. ಕಣಜ ಬಂದ ಕೂಡಲೇ ಶೀಷೆಯನ್ನು ಗಿಡದ ಬುಡದಲ್ಲಿಟ್ಟು ಬಟ್ಟೆ ಬಿಚ್ಚಿ. ಅವಳ ಶೀಷೆಯಲ್ಲಿ ಐದನೆಯ ದಿನ ಎರಡು ಕಣಜ ಬಂದವೆಂದು ಫೋನಿನಲ್ಲಿ ಹೇಳಿದಳು. ಸಂಕ್ರಾಂತಿಯ ನಂತರ ನಾನು ಮತ್ತೆ ಹೋದಾಗ ಗಿಡದ ಒಂದು ಟೊಂಗೆ ಒಣಗಿಹೋಗಿತ್ತು, ಉಳಿದ ಕಡೆ ಹೊಸ ಚಿಗುರು. ಬುಡದ ಸಂದಿಯಲ್ಲಿ ನಾಲ್ಕೈದು ಹಿಟ್ಟು ತಿಗಣೆ ಇನ್ನೂ ಇದ್ದವು. ತೆಗೆಯಬೇಕೇ ಎಂದು ಕೇಳಿದೆ. "ಇರಲಿ ಬಿಡ್ರಿ ಸರ, ಅವು ಇಲ್ಲಂದ್ರ ಆ ಹುಳಕ್ಕ ಊಟ ಎಲ್ಲಿಂದ" ಎಂದಳು.